ಉಸಿರಿಗೆ ಕಾವಲು

ಜುಲೈ ೧೫

ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಬಿಸಿ ಹೆಚ್ಚಾಯಿತಾ, ಉಪ್ಪು ಸಾಕಾ, ಇನ್ನೊಂದು ದಿಂಬು ಕೊಡಲಾ ಅಂತ ಕೇಳುತ್ತಿದ್ದೆ. ಯುನ್‌ಷಿಯಾ ಚಮಚಕ್ಕೆ ಕೈ ಅಡ್ಡ ಹಿಡಿದಳು.

“ಮುದುಕಾ, ನೀನು ಕೇಳ್ತಾನೇ ಇರ್ತೀಯ. ಉತ್ತರ ಕೊಡೋಕೆ ನನ್ನ ಉಸಿರು ಖರ್ಚಾಗತ್ತೆ. ಅಷ್ಟೊಂದು ಹೇಳೋದಿದ್ರೆ ಎಲ್ಲಾದ್ರೂ ಬರ್ಕೋ ಹೋಗು.”

ಅದಕ್ಕೇ ಬರೆಯುತ್ತಿದ್ದೇನೆ. ಹೆಂಡತಿಯೇ ಮಾತಾಡಬೇಡ ಅಂದ ಮೇಲೆ ಇನ್ನೇನು ಮಾಡಲಿ? ರೈಲ್ವೆ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನಾಗಿ ಆಯುಸ್ಸು ಕಳೆದವನು ನಾನು. ಕೈ ಸುಮ್ಮನಿದ್ದರೆ ತಲೆ ಕುದಿಯಲು ಶುರುವಾಗುತ್ತದೆ.

ಇವತ್ತು ನಮ್ಮ ಪಂಚಾಂಗದಲ್ಲಿ ಬೇಸಿಗೆಯ ಕಡುಬೇಗೆ ಶುರುವಾಗುವ ಮೊದಲ ದಿನ. ಚಳಿಯಲ್ಲಿ ಕಾಡುವ ಕಾಯಿಲೆಗೆ ಬೇಗೆಯಲ್ಲೇ ಮದ್ದು ಹಾಕಬೇಕಂತೆ. ಬಡಾವಣೆಯ ಆರೋಗ್ಯ ಕೇಂದ್ರದ ಮುಂದೆ ಹತ್ತಿ ಗಿರಣಿಯ ನಿವೃತ್ತ ಹೆಂಗಸರೆಲ್ಲ ಸಾಲು ಹಚ್ಚಿದ್ದರು. ಹತ್ತಿಯ ಧೂಳು ಕುಡಿದೇ ವಯಸ್ಸಾದವರು. ಒಬ್ಬಳು ಕೆಮ್ಮಿದರೆ ಸಾಲೆಲ್ಲ ಕೆಮ್ಮುತ್ತದೆ. ಯುನ್‌ಷಿಯಾಳನ್ನು ನಾನು ಮೂರನೇ ಮಹಡಿಯಿಂದ ಬೆನ್ನ ಮೇಲೆ ಹೊತ್ತು ಇಳಿಸಿದೆ. ನಡೀತೀನಿ ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಡಿ ನೋಡುವ ಡಾಕ್ಟರು ಹೊಸಬರು. ಶಿಂಗ್ ಅಂತ ಹೆಸರು, ನಲವತ್ತರ ಹೆಂಗಸು, ದನಿ ಮಾತ್ರ ನಮ್ಮ ಕ್ಯಾಂಟೀನಿನ ಗಂಟೆಯ ಹಾಗೆ. ಯುನ್‌ಷಿಯಾಳ ಬೆನ್ನಿಗೆ ಕಪ್ಪು ಲೇಪದ ಪಟ್ಟಿಗಳನ್ನು ಅಂಟಿಸಿದರು. ನಾನು ಬಗ್ಗಿ ಮೂಸಿ ನೋಡಿದೆ.

“ಬಿಳಿ ಸಾಸಿವೆ. ಶುಂಠಿ ರಸ. ಶುಂಠಿ ಎಳೇದು, ಘಾಟು ಸಾಲದು.”

“ಚ್ಯಾವ್ ಮೇಸ್ತ್ರಿ, ಇದು ಉಪ್ಪಿನಕಾಯಿ ಅಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕು ಬಿಡಿ.”

ಕುಡಿಯಲು ಕಷಾಯದ ಪೊಟ್ಟಣಗಳನ್ನೂ ಕೊಟ್ಟರು. ಇನ್ಹೇಲರ್ ಮಾತ್ರ ಯಾವ ಕಾರಣಕ್ಕೂ ಬಿಡಬಾರದಂತೆ. “ಲೇಪ, ಕಷಾಯ ಎರಡೂ ಕೈ ಇದ್ದ ಹಾಗೆ. ಇನ್ಹೇಲರ್ರು ಬೆನ್ನೆಲುಬು” ಅಂದರು.

“ಇದರಿಂದ ವಾಸಿಯಾಗತ್ತಾ?” ಅಂತ ಕೇಳಿದೆ.

“ಹಾಳಾದ ಶ್ವಾಸಕೋಶ ವಾಪಸ್ ಬರಲ್ಲ. ಉಳಿದಿರೋದನ್ನ ಚೆನ್ನಾಗಿ ಬಳಸೋದು ಕಲೀಬಹುದು.”

ಇದೆಂಥ ಡಾಕ್ಟರು! ಗಿರಾಕಿ ಎದುರಿಗೇ ಇವತ್ತಿನ ಸಾರು ಹಳಸಿದೆ ಅನ್ನುವ ಅಡುಗೆಯವನು ಎಲ್ಲಾದರೂ ಉಂಟಾ?

ಜುಲೈ ೨೮

ಕಷಾಯ ಬಾಯಿಗಿಡುವಂತಿಲ್ಲ. ಯುನ್‌ಷಿಯಾ ಮುಖ ಕಿವುಚಿ ನುಂಗುತ್ತಾಳೆ. ನನ್ನ ಮಡಕೆಯಲ್ಲಿ ಬೆಂದದ್ದನ್ನು ಯಾರೂ ಹಾಗೆ ನುಂಗಿದ್ದಿಲ್ಲ. ಪೊಟ್ಟಣ ಬಿಚ್ಚಿ ಒಂದೊಂದೇ ಬೇರು ನಾಲಗೆಗಿಟ್ಟು ನೋಡಿದೆ. ಹಳದಿ ಬೇರಿನ ಚೂರುಗಳದ್ದೇ ಕಹಿ. ಅದನ್ನು ಆರಿಸಿ ತೆಗೆದೆ, ಕಲ್ಲುಸಕ್ಕರೆ ಹಾಕಿದೆ, ಎರಡು ಒಣ ಬೋರೆಹಣ್ಣನ್ನೂ ಹಾಕಿದೆ. ಈಗ ಗಟಗಟ ಕುಡಿಯುತ್ತಾಳೆ.

ಡಾಕ್ಟರಿಗೆ ಹೇಳುವ ಅಗತ್ಯ ಕಾಣುವುದಿಲ್ಲ.

ಆಗಸ್ಟ್ ೯

ಡಾಕ್ಟರ್ ಶಿಂಗ್ ಮನೆಗೇ ಬಂದರು, ಅದೂ ಸರಿಯಾಗಿ ಊಟದ ಹೊತ್ತಿಗೆ. ಹುರುಳಿಕಾಯಿ ಹಾಕಿ ಹಬೆಯಲ್ಲಿ ಬೇಯಿಸಿದ ಶಾವಿಗೆ ಬಡಿಸಿದೆ. ಎರಡು ಬಟ್ಟಲು ತಿಂದರು. ಬೆವರು ಒರೆಸಿಕೊಂಡು ಕಷಾಯದ ಮಡಕೆಯ ಮುಚ್ಚಳ ತೆಗೆದರು. ಚಮಚದಲ್ಲಿ ರುಚಿ ನೋಡಿದರು. ಮುಗಿಯಿತು ನನ್ನ ಕತೆ.

“ಇದನ್ನ ಯಾರು ಮಾಡಿದ್ದು?”

“ಕಹಿ ಕಮ್ಮಿ ಮಾಡಿದೆ, ಅಷ್ಟೇ.”

“ಔಷಧಿ ತೆಗೆದು ಪಾಯಸ ಮಾಡಿದೀರಿ. ಊಟ ತುಂಬ ಚೆನ್ನಾಗಿದೆ ಮೇಸ್ತ್ರಿ, ನೀವು ಚೆನ್ನಾಗಿಲ್ಲ.”

ಯುನ್‌ಷಿಯಾ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ನಾನು ಓಡಿದೆ. ಡಾಕ್ಟರು ನನ್ನ ತೋಳು ಹಿಡಿದು ಕೂರಿಸಿದರು. ಅವಳು ತಾನೇ ಮುಂದಕ್ಕೆ ಬಾಗಿ, ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಟ್ಟು ಕೆಮ್ಮು ನಿಲ್ಲಿಸಿಕೊಂಡಳು. ಅದನ್ನು ಯಾವಾಗ ಕಲಿತಳೋ!

ಆಮೇಲೆ ವಿಚಾರಣೆ ಶುರುವಾಯಿತು. ಡಾಕ್ಟರು ಯುನ್‌ಷಿಯಾಳನ್ನು ಚಿಕ್ಕಮ್ಮ ಅಂತ ಕರೆಯುತ್ತಾರೆ.

“ಚಿಕ್ಕಮ್ಮನಿಗೆ ತಲೆ ಯಾರು ತೊಳೀತಾರೆ?”

“ನಾನೇ.”

“ಚಪ್ಪಲಿ ಹಾಕೋದು?”

“ನಾನೇ.”

“ನೀರು ಬಗ್ಗಿಸಿಕೊಡೋದು, ಕಿಟಕಿ ತೆಗೆಯೋದು?”

“ನಾನೇ, ಇನ್ಯಾರು?”

“ಹಾಗಾದ್ರೆ ಚಿಕ್ಕಮ್ಮ ಏನು ಮಾಡ್ತಾರೆ?”

“ಉಸಿರಾಡ್ತಾಳೆ” ಅಂದೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೇನಿದೆ?

ಡಾಕ್ಟರು ಕೈ ಚಾಚಿ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. “ಮೇಸ್ತ್ರಿ, ನಿಮ್ಮ ನಾಡಿ ಇವರಿಗಿಂತ ಜೋರಾಗಿ ಓಡ್ತಿದೆ.”

“ಒಲೆ ಮುಂದೆ ನಿಂತಿದ್ದೆ, ಅದಕ್ಕೆ.”

ಹೋಗುವಾಗ ಅಪ್ಪಣೆ ಕೊಟ್ಟೇ ಹೋದರು. ಯುನ್‌ಷಿಯಾ ಇನ್ನು ಮೇಲೆ ಬೆಳ್ಳುಳ್ಳಿ ಸುಲಿಯಬೇಕು, ಮೆಟ್ಟಿಲು ತಾನೇ ಇಳಿಯಬೇಕು, ಅಂಗಳದಲ್ಲಿ ನಡೆಯುವ ಬೆಳಗಿನ ಉಸಿರಾಟದ ತರಗತಿಗೆ ಬರಬೇಕು. ಕಾಲಿನ ಮಾಂಸ ಕರಗಿದರೆ ಉಸಿರು ಇನ್ನೂ ಬೇಗ ಸೋಲುತ್ತದಂತೆ.

ಅವರಿಗೇನು ಗೊತ್ತು? ಹೋದ ಚಳಿಗಾಲ ಇದೇ ಮೆಟ್ಟಿಲ ತಿರುವಿನಲ್ಲಿ ಅವಳು ಕುಸಿದಾಗ ತುಟಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನು ನಾನು. ಬೆನ್ನ ಮೇಲೆ ಅವಳ ಉಸಿರು ನಿಂತಿತೋ ಇದೆಯೋ ಗೊತ್ತಾಗದೆ ಓಡಿದವನು ನಾನು.

ಬೆಳ್ಳುಳ್ಳಿ ಸುಲಿಯಬೇಕಂತೆ!

ಸೆಪ್ಟೆಂಬರ್ ೫

ಮೊದಲ ದಿನದ ತರಗತಿ. ಯುನ್‌ಷಿಯಾ ಗೋಡೆ ಹಿಡಿದು ಮೆಟ್ಟಿಲಿಳಿದಳು. ಸ್ಟೂಲು, ಬಿಸಿನೀರಿನ ಫ್ಲಾಸ್ಕು, ಶಾಲು, ಛತ್ರಿ ಎಲ್ಲ ಹೊತ್ತು ನಾನು ಹಿಂದೆ ಹಿಂದೆ ನಡೆದೆ.

ಹತ್ತಿ ಗಿರಣಿಯಲ್ಲಿ ಅವಳ ಪಕ್ಕದ ಮಗ್ಗದಲ್ಲಿದ್ದ ದುವಾನ್ ಅಕ್ಕನೂ ಬಂದಿದ್ದಳು. ಇವಳದ್ದೇ ಕಾಯಿಲೆ, ಬಾಯಿ ಮಾತ್ರ ಏನೂ ಆಗದವರದ್ದು. ಆರು ಸದ್ದಿನ ಉಸಿರಾಟ ಅಂತ ಹೇಳಿಕೊಡುತ್ತಾರೆ. ಒಂದೊಂದು ಅಂಗಕ್ಕೆ ಒಂದೊಂದು ಸದ್ದಂತೆ. ಶ್ವಾಸಕೋಶದ್ದು “ಸ್ಸ್ಸ್”. ಕೈ ಚಾಚಿ ನಿಂತ ಮುದುಕಿಯರೆಲ್ಲ ಒಟ್ಟಿಗೆ ಸ್ಸ್ಸ್ ಅಂದಾಗ ಕಾದ ಎಣ್ಣೆಗೆ ಒದ್ದೆ ಸೊಪ್ಪು ಬಿದ್ದ ಹಾಗಾಯಿತು.

ಯುನ್‌ಷಿಯಾ ಕೈ ಎತ್ತಿದಾಗಲೆಲ್ಲ ನಾನು ಸ್ಟೂಲನ್ನು ಅವಳ ಹಿಂದಕ್ಕೆ ತಳ್ಳುತ್ತಿದ್ದೆ. ಬೀಳುವುದಿದ್ದರೆ ಅದರ ಮೇಲೆ ಬೀಳಲಿ ಅಂತ.

“ಮೇಸ್ತ್ರಿ, ಆ ಸ್ಟೂಲಿನ ಮೇಲೆ ನೀನೇ ಕೂತ್ಕೊಳಪ್ಪ” ಅಂದಳು ದುವಾನ್ ಅಕ್ಕ. “ನಿನ್ನ ನೋಡಿ ನಮಗೆ ಉಬ್ಬಸ ಬರ್ತಿದೆ.”

ಎಲ್ಲರೂ ನಕ್ಕರು. ಯುನ್‌ಷಿಯಾ ನಗಲಿಲ್ಲ, ಕಿವಿ ಕೆಂಪಾಗಿತ್ತು. ತರಗತಿ ಮುಗಿದ ಮೇಲೆ ಡಾಕ್ಟರ್ ಶಿಂಗ್ ನನ್ನನ್ನು ಬದಿಗೆ ಕರೆದು ನಾಳೆಯಿಂದ ಬರಬೇಡಿ ಅಂದರು. ತುಂಬ ಮೆತ್ತಗೆ ಹೇಳಿದರು. ಆ ದನಿಯಲ್ಲಿ ಮೆತ್ತಗೆ ಹೇಳುವುದೂ ಇದೆ ಅಂತ ಇವತ್ತೇ ಗೊತ್ತಾಯಿತು.

ಸೆಪ್ಟೆಂಬರ್ ೨೦

ನಾನು ಬರಬಾರದು ಅಂದದ್ದು ಅಂಗಳಕ್ಕೆ. ಅಂಗಳದಾಚೆಯ ಪರ್ಸಿಮನ್ ಹಣ್ಣಿನ ಮರ ಅಂಗಳಕ್ಕೆ ಸೇರಿದ್ದಲ್ಲ. ಮರದ ಹಿಂದೆ ನಿಂತರೆ ಅವಳ ಬೆನ್ನು ಚೆನ್ನಾಗಿ ಕಾಣುತ್ತದೆ.

ಯಾರೋ ಆರೋಗ್ಯ ಕೇಂದ್ರಕ್ಕೆ ಹೋಗಿ, ಮರದ ಹಿಂದೆ ಒಬ್ಬ ಗಂಡಸು ದಿನಾ ನಿಂತು ಹೆಂಗಸರನ್ನು ನೋಡುತ್ತಾನೆ ಅಂತ ದೂರು ಕೊಟ್ಟಿದ್ದಾರೆ.

ಅಕ್ಟೋಬರ್ ೧೭

ಸಿಟ್ಟು ಇಳಿಯುವ ಮೊದಲೇ ಬರೆದಿಡುತ್ತೇನೆ.

ತರಗತಿ ಮುಗಿಯುವ ಹೊತ್ತು ದಾಟಿದರೂ ಯುನ್‌ಷಿಯಾ ಬರಲಿಲ್ಲ. ಅಂಗಳ ಖಾಲಿ. ಮೆಟ್ಟಿಲಲ್ಲಿಲ್ಲ, ಕೇಂದ್ರದಲ್ಲಿಲ್ಲ. ಬೀದಿಗೆ ಓಡಿದೆ. ಸಂತೆ ಗಲ್ಲಿಯ ಮೂಲೆಯಲ್ಲಿ ನೋಡುತ್ತೇನೆ, ಗೂಡಂಗಡಿಯ ಮೋಟು ಬೆಂಚಿನ ಮೇಲೆ ದುವಾನ್ ಅಕ್ಕನ ಪಕ್ಕ ಕೂತು ಮೆಣಸಿನ ಗಟ್ಟಿ ಸಾರು ಕುಡಿಯುತ್ತಿದ್ದಾಳೆ. ಕರಿದ ರೊಟ್ಟಿ ಅದ್ದಿಕೊಂಡು! ಮೂಗಿನ ಮೇಲೆ ಬೆವರು, ಕೆನ್ನೆ ಕೆಂಪು.

ಹೋದ ಚಳಿಗಾಲದಿಂದ ನಾನು ಮನೆಯಲ್ಲಿ ಒಂದು ಕಾಳು ಮೆಣಸು ಮುಟ್ಟಿಲ್ಲ. ಘಾಟಿಗೆ ಅವಳಿಗೆ ಕೆಮ್ಮು ಬರುತ್ತದೆ ಅಂತ. ನನ್ನ ಕೈಯ ಮೆಣಸಿನ ಸಾರಿಗೆ ರೈಲು ತಪ್ಪಿಸಿಕೊಂಡವರಿದ್ದಾರೆ. ಅಂಥ ಸಾರನ್ನೇ ಅವಳಿಗಾಗಿ ಬಿಟ್ಟೆ. ಅವಳು ಈ ಗೂಡಂಗಡಿಯಲ್ಲಿ, ಎಂದೂ ಸರಿಯಾಗಿ ತೊಳೆಯದ ಬಟ್ಟಲಲ್ಲಿ!

“ಏಳು” ಅಂದೆ.

“ಮುಗಿಸಿ ಬರ್ತೀನಿ.”

“ಕೆಮ್ಮು ಬಂದ್ರೆ?”

“ಬಂದ್ರೆ ಕೆಮ್ತೀನಿ.” ಇನ್ನೊಂದು ಗುಟುಕು ಕುಡಿದಳು. ಕೆಮ್ಮಲಿಲ್ಲ.

ಮನೆಗೆ ಬಂದ ಮೇಲೆ ಜಗಳವಾಯಿತು. ಅವಳು ಮಾತಿನ ನಡುವೆ ನಿಂತು ನಿಂತು, ಉಸಿರು ಕೂಡಿಸಿಕೊಂಡು ಹೇಳಿದಳು: “ನಿನ್ನ ಬಿಳಿ ಗಂಜಿ... ತಿಂದು ತಿಂದು... ನಾನಿನ್ನೂ ಆಸ್ಪತ್ರೆಯಲ್ಲೇ ಇದೀನಿ ಅನ್ಸತ್ತೆ. ಅಲ್ಲಿಂದ ನನ್ನ ಯಾವಾಗ ಮನೆಗೆ ಕರ್ಕೊಂಡು ಬರ್ತೀಯ?”

ಇದೆಂಥ ಪ್ರಶ್ನೆ! ಮನೆಯಲ್ಲೇ ಇದ್ದಾಳಲ್ಲ.

ನವೆಂಬರ್ ೨೨

ನಾನು ಬೀಗ ಹಾಕಿದ್ದು ಹೊಗೆಗೆ. ಅವಳಿಗಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಇಡೀ ಬಡಾವಣೆ ಬೇರೆಯೇ ಹೇಳುತ್ತಿದೆ.

ಚಳಿಗೆ ಮನೆ ಬೆಚ್ಚಗಿಡಲು ಕಲ್ಲಿದ್ದಲು ಉರಿಸಿ ಊರಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಬಿಟ್ಟು ಒಂದು ವಾರವಾಯಿತು. ಆವತ್ತಿನಿಂದ ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿದೆ. ಎದುರಿನ ಕಟ್ಟಡ ಕಾಣುವುದಿಲ್ಲ. ಇಂಥ ದಿನ ತರಗತಿ ಕೇಂದ್ರದ ಒಳಗಿನ ಹಾಲಿನಲ್ಲಿ ನಡೆಯುತ್ತದೆ, ಮಾಸ್ಕ್ ಹಾಕಿಕೊಂಡು ಹೋಗುತ್ತೇನೆ ಅಂದಳು. ಬೇಡ ಅಂದೆ. ಹೋಗುತ್ತೇನೆ ಅಂದಳು. ಅವಳು ಮುಖ ತೊಳೆಯುವಾಗ ನಾನು ಮರಸೇಬು ತರಲು ಹೊರಟೆ. ಕಲ್ಲುಸಕ್ಕರೆ ಹಾಕಿ ಬೇಯಿಸಿದರೆ ಗಂಟಲಿಗೆ ಒಳ್ಳೆಯದು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದೆ. ಎಷ್ಟು ಹೊತ್ತಿನ ಮಾತು? ಸಂತೆಗೆ ಹೋಗಿ ಬರುವಷ್ಟು.

ವಾಪಸು ಬರುವಾಗ ನಮ್ಮ ಕಟ್ಟಡದ ಕೆಳಗೆ ಜನ. ಮೇಲಿಂದ ಢಣಢಣ ಸದ್ದು. ಯುನ್‌ಷಿಯಾ ಕಿಟಕಿಯಲ್ಲಿ ನಿಂತು ನನ್ನ ದೊಡ್ಡ ಸೌಟಿನಿಂದ ಬಾಣಲೆ ಬಡಿಯುತ್ತಿದ್ದಳು. ಕೂಗಲು ಉಸಿರು ಸಾಲದಲ್ಲ, ಅದಕ್ಕೆ. ಆ ಹೊಗೆಗೆ ಕಿಟಕಿ ಪೂರ್ತಿ ತೆರೆದಿದ್ದಳು! ನಾನು ಯಾವುದನ್ನು ತಡೆಯಲು ಬೀಗ ಹಾಕಿದೆನೋ ಅದೆಲ್ಲ ಒಳಗೆ ಬಂದಿತ್ತು.

ದುವಾನ್ ಅಕ್ಕ ಕೆಳಗೆ ನಿಂತಿದ್ದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದದ್ದು ಇದೇ ಮೊದಲು.

ಬಾಗಿಲು ತೆಗೆದೆ. ಯುನ್‌ಷಿಯಾ ಸೌಟು ಕೆಳಗಿಟ್ಟು ಇನ್ಹೇಲರ್, ಕಷಾಯದ ಪೊಟ್ಟಣ, ಎರಡು ಉಣ್ಣೆ ಅಂಗಿ ಚೀಲಕ್ಕೆ ಹಾಕಿದಳು. ಬೂಟು ತಾನೇ ಹಾಕಿಕೊಂಡಳು. ಬಗ್ಗಿ, ನಿಂತು, ಮತ್ತೆ ಬಗ್ಗಿ. ನಾನು ಕೈ ಹಾಕಲು ಹೋದೆ.

“ಬೇಡ.”

“ಎಲ್ಲಿಗೆ?”

“ದುವಾನ್ ಮನೆ ನೆಲಮಹಡಿಯಲ್ಲಿದೆ. ಅಲ್ಲಿ ಬಾಗಿಲು ತೆಗೆದ್ರೆ ರಸ್ತೆ.”

“ಯುನ್‌ಷಿಯಾ, ಹೊಗೆ...”

“ಹಿಂದೆ ಬಂದ್ರೆ ಮೆಟ್ಟಿಲ ಮೇಲೇ ಕೂತ್ಬಿಡ್ತೀನಿ.”

ಅವಳು ಇಳಿಯುವ ಸದ್ದು ಕೇಳುತ್ತ ಬಾಗಿಲಲ್ಲೇ ನಿಂತೆ. ಆಮೇಲೆ ಅದೂ ನಿಂತಿತು. ಮರಸೇಬು ಕೈಯಲ್ಲೇ ಇತ್ತು.

ನವೆಂಬರ್ ೨೩

ಏನು ಬೇಯಿಸುವುದು? ಯಾರಿಗೆ?

ನವೆಂಬರ್ ೨೬

ದುವಾನ್ ಅಕ್ಕನ ಮನೆ ಎರಡು ಕಟ್ಟಡದಾಚೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವಳ ಬಾಗಿಲಿನ ಅರ್ಧ ಕಾಣುತ್ತದೆ. ಬೆಳಿಗ್ಗೆಯಿಂದ ಅರ್ಧ ಬಾಗಿಲು ನೋಡಿದೆ.

ಮಧ್ಯಾಹ್ನ ಡಬ್ಬಿಯಲ್ಲಿ ಮೂಲಂಗಿ ಹಾಕಿದ ಕುರಿಮಾಂಸದ ಸಾರು ಕಟ್ಟಿಕೊಂಡು ಹೋದೆ. ದುವಾನ್ ಅಕ್ಕ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡಳು.

“ಹೇಗಿದಾಳೆ?”

“ಮಲಗಿದಾಳೆ.”

“ಉಸಿರು?”

“ಬಿಡ್ತಾಳೆ, ತಗೋತಾಳೆ. ಎರಡೂ ಮಾಡ್ತಾಳೆ. ಹೋಗಪ್ಪ.”

ಸಂಜೆ ಡಬ್ಬಿ ವಾಪಸ್ ಬಂತು, ಖಾಲಿ. ತೊಳೆದು ಕೊಟ್ಟಿದ್ದರು. ಯಾರು ತಿಂದರೋ ಗೊತ್ತಿಲ್ಲ. ಆ ದುವಾನ್ ಅಕ್ಕನ ಹೊಟ್ಟೆಯೇನು ಸಣ್ಣದಲ್ಲ.

ಡಿಸೆಂಬರ್ ೩

ಡಾಕ್ಟರ್ ಶಿಂಗ್ ದಾರಿಯಲ್ಲಿ ಸಿಕ್ಕರು. ಸೈಕಲ್ ನಿಲ್ಲಿಸಿ ಕಾಲೂರಿ ನಿಂತರು. ಬೈಯುತ್ತಾರೆ ಅಂತ ಕಾದೆ. ನನಗೂ ಹೇಳುವುದು ಬೇಕಾದಷ್ಟಿತ್ತು. ಅಂಗಳ, ತರಗತಿ, ಬೆಳ್ಳುಳ್ಳಿ ಎಲ್ಲ ಅವರೇ ಶುರು ಮಾಡಿದ್ದಲ್ಲವಾ? ಮನೆ ಮುರಿದದ್ದು ಯಾರು?

ಬೈಯಲಿಲ್ಲ. “ನಿದ್ದೆ ಬರ್ತಿದೆಯಾ ಮೇಸ್ತ್ರಿ?” ಅಂತ ಕೇಳಿದರು.

“ಅವಳು ಆಸ್ಪತ್ರೆಯಿಂದ ಬಂದಾಗಿನಿಂದ ಇಲ್ಲ.”

“ಅಂದ್ರೆ ಹತ್ತಿರ ಹತ್ತಿರ ಒಂದು ವರ್ಷ.”

“ಅವಳ ಉಸಿರು ಕೇಳಿಸ್ಕೊಳ್ಳೋಕೆ ಯಾರಾದ್ರೂ ಎಚ್ಚರ ಇರಬೇಕಲ್ಲ.”

“ಈಗ ಅವರು ಇಲ್ಲಿಲ್ಲವಲ್ಲ. ಈಗ ಏನು ಕೇಳಿಸ್ಕೋತೀರಿ?”

ಅವರು ಇನ್ನೂ ನಿಂತಿದ್ದರು. ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗಿ ಅಂದೆ. ಬಂದರು. ಅಡುಗೆಮನೆಯಲ್ಲಿ ನಿಂತೇ ತಿಂದರು. ಕಿಟಕಿಯಿಂದ ಕಾಣುವ ಅರ್ಧ ಬಾಗಿಲನ್ನು ಅವರೂ ನೋಡಿದರು.

ಡಿಸೆಂಬರ್ ೧೫

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಎರಡು ದಿನದಿಂದ ಉತ್ತರದ ಗಾಳಿ. ನಿನ್ನೆ ಮಧ್ಯಾಹ್ನ ಅಡುಗೆಮನೆಯಿಂದ ನೋಡಿದರೆ ದುವಾನ್ ಅಕ್ಕನ ಬಾಗಿಲಲ್ಲಿ ಡಾಕ್ಟರ ಸೈಕಲ್. ಒಲೆ ಆರಿಸಿದೆನೋ ಇಲ್ಲವೋ, ಓಡಿದೆ. ಮೈಮೇಲೆ ಏಪ್ರನ್ ಇತ್ತು, ಕೋಟು ಇರಲಿಲ್ಲ.

ಯುನ್‌ಷಿಯಾ ಮಂಚದ ಮೇಲೆ ಮುಂದಕ್ಕೆ ಬಾಗಿ, ಮೊಣಕೈ ಮೇಜಿಗೆ ಊರಿ ಕೂತಿದ್ದಳು. ಭುಜ ಏರಿಳಿಯುತ್ತಿತ್ತು. ಕೇಂದ್ರದಿಂದ ತಂದ ಹಬೆ ಔಷಧಿಯ ಯಂತ್ರ ಗುರುಗುಡುತ್ತಿತ್ತು. ಅವಳ ತುಟಿ ನೋಡಿದೆ. ಬಿಳಿಚಿಕೊಂಡಿತ್ತು. ಬದನೆಕಾಯಿಯಾಗಿರಲಿಲ್ಲ.

“ಆಂಬುಲೆನ್ಸ್ ಕರೀರಿ! ಏನು ನೋಡ್ತಾ ನಿಂತಿದೀರಿ ಎಲ್ಲರೂ? ನಾನೇ ಹೊತ್ಕೊಂಡು ಹೋಗ್ತೀನಿ” ಅಂತ ಅವಳ ಕಂಕುಳಿಗೆ ಕೈ ಹಾಕಿದೆ.

ಯುನ್‌ಷಿಯಾ ಯಂತ್ರದ ಮುಖವಾಡ ಸರಿಸಿದಳು. “ಮುದುಕಾ, ಬಿಡು.”

ಡಾಕ್ಟರ್ ಶಿಂಗ್ ನನ್ನನ್ನು ಗೋಡೆಯ ಕಡೆಗೆ ಸರಿಸಿ ಹೇಳಿದರು. ಹಿಂದಿನ ದಿನವೇ ಕಫದ ಬಣ್ಣ ತಿರುಗಿದ್ದನ್ನು ಯುನ್‌ಷಿಯಾ ತಾನೇ ನೋಡಿ, ತಾನೇ ಕೇಂದ್ರಕ್ಕೆ ಫೋನ್ ಮಾಡಿದ್ದಳಂತೆ. ಮಾತ್ರೆ ಆವತ್ತೇ ಶುರುವಾಗಿತ್ತು. ಕಷಾಯವನ್ನೂ ಬದಲಿಸಿದ್ದರು. ಹೋದ ವರ್ಷದ ಹಾಗೆ ಕೈಮೀರಿದ ಮೇಲೆ ಓಡಿದ್ದಲ್ಲ.

“ಬೆರಳಿಗೆ ಹಾಕಿರೋ ಈ ಆಕ್ಸಿಜನ್ ಯಂತ್ರದ ಸಂಖ್ಯೆ ಇಳಿದ್ರೆ, ಮಂಪರು ಬಂದ್ರೆ, ತುಟಿ ನೀಲಿಯಾದ್ರೆ, ಆ ಕ್ಷಣ ದೊಡ್ಡಾಸ್ಪತ್ರೆ. ನಾನೇ ಜೊತೆಗೆ ಹೋಗ್ತೀನಿ. ಅಲ್ಲೀವರೆಗೂ ಇಲ್ಲೇ ಇರಬೇಕು ಅನ್ನೋದು ಚಿಕ್ಕಮ್ಮನ ಇಷ್ಟ.”

“ಅವಳ ಇಷ್ಟ ಏನು ಕೇಳ್ತೀರಿ? ಅವಳಿಗೆ ಹುಷಾರಿಲ್ಲ!”

“ಹುಷಾರಿಲ್ಲದೆ ಇರೋದು ಅವರಿಗೇ ಅಲ್ವಾ ಮೇಸ್ತ್ರಿ?”

ದುವಾನ್ ಅಕ್ಕ ಬಾಯಿ ತೆರೆದಳು, ಡಾಕ್ಟರು ಕೈ ತೋರಿಸಿದ್ದಕ್ಕೆ ಮುಚ್ಚಿದಳು. ನಾನು ನೀರು ಕಾಯಿಸಲು ಹೊರಟೆ. ಕಾದಿದೆ ಅಂದರು. ಹೊದಿಕೆ ತರಲಾ? ಇದೆ. ಸೂಪು? ಆಮೇಲೆ. ಎಲ್ಲ ಕೆಲಸವನ್ನೂ ಯಾರೋ ಮಾಡಿಬಿಟ್ಟಿದ್ದರು. ಎರಡು ಕೈ ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ.

“ನಿಮಗೊಂದು ಕೆಲಸ ಕೊಡ್ತೀನಿ” ಅಂದರು ಡಾಕ್ಟರು. “ಅವರ ಪಕ್ಕ ಕೂತ್ಕೊಳಿ. ಮಾತು ಬೇಡ. ತಟ್ಟೋದು, ಒರೆಸೋದು ಬೇಡ. ಅವರು ಹೇಗೆ ಉಸಿರು ಬಿಡ್ತಾರೋ ನೀವೂ ಹಾಗೇ ಬಿಡಿ. ಉದ್ದಕ್ಕೆ.”

“ಅದೂ ಒಂದು ಕೆಲಸಾನಾ?”

“ಮಾಡಿ ನೋಡಿ.”

ಕೂತೆ. ಯುನ್‌ಷಿಯಾ ಕಣ್ಣು ಮುಚ್ಚಿ ಸ್ಸ್ಸ್ ಅಂದಳು. ನಾನೂ ಸ್ಸ್ಸ್ ಅಂದೆ. ಅರ್ಧಕ್ಕೇ ನನ್ನ ಗಾಳಿ ಮುಗಿದುಹೋಯಿತು. ಅವಳದ್ದು ಇನ್ನೂ ಹೋಗುತ್ತಿತ್ತು. ಕಾಯಿಲೆಯವಳದ್ದು ನನಗಿಂತ ಉದ್ದ! ಮತ್ತೆ ಮಾಡಿದೆ. ಎದೆಯಲ್ಲಿ ಏನೋ ಬಿಗಿದುಕೊಂಡ ಹಾಗಿತ್ತು, ಮುಚ್ಚಳ ಕಚ್ಚಿಕೊಂಡ ಪಾತ್ರೆಯ ಹಾಗೆ. ಅವಳು ಕಣ್ಣು ತೆರೆಯದೆಯೇ ಬೆರಳಲ್ಲಿ ನನ್ನ ಮಂಡಿ ಮುಟ್ಟಿ, ನಿಧಾನ ಅನ್ನುವ ಹಾಗೆ ಮೆಲ್ಲಗೆ ತಟ್ಟಿದಳು. ಸ್ಸ್ಸ್. ಮತ್ತೆ. ಸ್ಸ್ಸ್. ಹೊರಗೆ ಗಾಳಿ ಬಾಗಿಲು ಅಲ್ಲಾಡಿಸುತ್ತಿತ್ತು. ಆಮೇಲೇನಾಯಿತೋ ಗೊತ್ತಿಲ್ಲ.

ಯಾರೋ ಭುಜ ಅಲುಗಿಸಿದರು. ದುವಾನ್ ಅಕ್ಕ.

“ಏಳಪ್ಪ ಮೇಸ್ತ್ರಿ. ರೋಗಿ ನಿನಗೆ ಹೊದಿಸಿ ಹೊದಿಸಿ ಸುಸ್ತಾದಳು.”

ಬೆಳಕು ಹರಿದಿತ್ತು. ಯುನ್‌ಷಿಯಾ ಮೂರು ದಿಂಬಿಗೆ ಒರಗಿ ಕಷಾಯ ಕುಡಿಯುತ್ತಿದ್ದಳು. ಮುಖ ಕಿವುಚಿಕೊಂಡಿದ್ದಳು. ನಾನು ಸುಮ್ಮನೆ ನೋಡಿದೆ. “ಗೊರಕೆ ಹೊಡೀತೀಯ” ಅಂದಳು. “ಯಂತ್ರದ ಸದ್ದು ಕೇಳಿಸ್ತಿರಲಿಲ್ಲ.”

ಕತ್ತು ಹಿಡಿದುಕೊಂಡಿದೆ. ದುವಾನ್ ಅಕ್ಕನ ಕುರ್ಚಿಯೇ ಸರಿಯಿಲ್ಲ.

ಡಿಸೆಂಬರ್ ೨೪

ಯುನ್‌ಷಿಯಾ ಸುಧಾರಿಸುತ್ತಿದ್ದಾಳೆ. ದಿನಾ ಮಧ್ಯಾಹ್ನ ಹೋಗಿ ಕೂತು ಬರುತ್ತೇನೆ. ಇವತ್ತು ದುವಾನ್ ಅಕ್ಕನ ಅಡುಗೆಮನೆಯಲ್ಲಿ ಮೂವರೂ ಕಡುಬು ಮಡಿಸಿದೆವು. ಯುನ್‌ಷಿಯಾ ಮಡಿಸಿದ್ದೆಲ್ಲ ಒಂದು ಕಡೆಗೆ ವಾಲಿತ್ತು. ಹೇಳಲಿಲ್ಲ. ನೀರಲ್ಲಿ ಕುದಿಯುವಾಗ ಒಂದೂ ಬಿಚ್ಚಲಿಲ್ಲ.

ಮನೆಗೆ ಬರುತ್ತೀಯಾ ಅಂತ ಕೇಳಿದೆ.

“ಬೀಗದ ಕೈ ಎರಡೂ ನನ್ನ ಹತ್ರ ಇರಬೇಕು.”

“ಸರಿ.”

“ಮೇಲೆ ನಾನೇ ಹತ್ತಬೇಕು.”

ಅದಕ್ಕೆ ಸರಿ ಅನ್ನಲು ಸ್ವಲ್ಪ ಹೊತ್ತು ಬೇಕಾಯಿತು.

ಜನವರಿ ೨೨

ನಮ್ಮ ಪಂಚಾಂಗದ ಹೊಸ ವರ್ಷದ ಹಬ್ಬಕ್ಕೆ ಒಂದು ವಾರವಿದೆ. ಇವತ್ತು ಒಲೆ ದೇವರಿಗೆ ಮಿಠಾಯಿ ಇಟ್ಟು ಬೀಳ್ಕೊಡುವ ದಿನ, ಒಳ್ಳೆಯ ದಿನ ಅಂತ ಯುನ್‌ಷಿಯಾ ಮನೆಗೆ ಬರಲು ಇವತ್ತನ್ನೇ ಆರಿಸಿಕೊಂಡಳು. ಚೀಲವನ್ನು ನಾನು ಮೊದಲೇ ತಂದಿಟ್ಟಿದ್ದೆ. ನನ್ನ ಜೊತೆಗೆ ಬರಬೇಡ, ಮೆಟ್ಟಿಲ ತಿರುವಿನಲ್ಲೂ ನಿಲ್ಲಬೇಡ, ಮನೆಯಲ್ಲಿರು ಅಂದಿದ್ದಳು.

ಅಡುಗೆಮನೆಯಲ್ಲಿ ನಿಂತೆ. ಕೆಳಗಿನ ಬಾಗಿಲು ತೆರೆದ ಸದ್ದು ಬಂತು. ಹೆಜ್ಜೆ ಬಂದವು, ನಿಂತವು, ಮತ್ತೆ ಬಂದವು. ಮೊದಲ ತಿರುವಿನಲ್ಲಿ ಯಾರೋ ನೆರೆಯವರು ಮಾತಾಡಿಸಿದರು. “ಹತ್ತಿಸ್ಲಾ ಅಕ್ಕ?” “ಬೇಡಪ್ಪ.” ಅವಳ ದನಿ. ಮತ್ತೆ ಹೆಜ್ಜೆ.

ಎರಡನೇ ತಿರುವಿನಲ್ಲಿ ಸದ್ದು ನಿಂತದ್ದು ಮತ್ತೆ ಶುರುವಾಗಲಿಲ್ಲ.

ಹೋದ ಚಳಿಗಾಲ ಅವಳು ಕುಸಿದದ್ದು ಅಲ್ಲೇ. ಕಾಲು ಬಾಗಿಲವರೆಗೂ ಹೋಗಿತ್ತು. ಕೈ ಹಿಡಿಕೆಯ ಮೇಲಿತ್ತು. ಎದೆ ಬಾಣಲೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಹಿಡಿಕೆ ಬಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಸ್ಸ್ಸ್ ಅಂದೆ. ಬೇರೆ ಏನು ಮಾಡಲೂ ತೋಚಲಿಲ್ಲ. ಆಗ ಕೆಳಗಿನಿಂದಲೂ ಅದೇ ಕೇಳಿತು, ಸಣ್ಣಗೆ, ಉದ್ದಕ್ಕೆ. ಅವಳು ತನ್ನ ಪಾಡಿಗೆ ಉಸಿರು ಕೂಡಿಸಿಕೊಳ್ಳುತ್ತಿದ್ದಳು.

ಹೆಜ್ಜೆ ಮತ್ತೆ ಶುರುವಾಯಿತು.

ಬಾಗಿಲಿಗೆ ಬಂದವಳು ನಾನು ನೆಲದ ಮೇಲೆ ಕೂತದ್ದು ನೋಡಿದಳು. “ಏನಾಯ್ತು ನಿನಗೆ?”

“ಏನಿಲ್ಲ. ನೀನು?”

ಕೈ ಎತ್ತಿ ಆಮೇಲೆ ಅಂತ ಸನ್ನೆ ಮಾಡಿದಳು. ಒಳಗೆ ಬಂದು ಕಿಟಕಿಯ ಪಕ್ಕ ಕೂತು ಉಸಿರು ಕೂಡಿಸಿಕೊಂಡಳು. ನಾನು ಏನೂ ಕೇಳಲಿಲ್ಲ. ಒಲೆಯ ಮೇಲಿನ ಎಳ್ಳಿನ ಮಿಠಾಯಿ ಸೀದಿತ್ತು. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಮಿಠಾಯಿ ಸೀದದ್ದು ಇದೇ ಮೊದಲು. ಸೀದ ಭಾಗ ಬಿಟ್ಟು ತಿಂದೆವು.

ಫೆಬ್ರವರಿ ೨೭

ಬರೆಯಲು ಏನೂ ಇಲ್ಲ. ಬೆಳ್ಳುಳ್ಳಿ ಸುಲಿಯುವುದು ಅವಳು, ಚೆನ್ನಾಗಿ ಸುಲಿಯುತ್ತಾಳೆ.

ಏಪ್ರಿಲ್ ೧೧

ಬ್ರೆಡ್ಡಿನ ಡಬ್ಬಿಯ ಹಿಂದೆ ಈ ಪುಸ್ತಕ ಸಿಕ್ಕಿತು. ಮರೆತೇಬಿಟ್ಟಿದ್ದೆ.

ಬೆಳಿಗ್ಗೆ ಇಬ್ಬರೂ ಕೇಂದ್ರಕ್ಕೆ ಹೋಗಿದ್ದೆವು. ಶ್ವಾಸಕೋಶದ ಬಲ ಅಳೆಯಲು ಯುನ್‌ಷಿಯಾಳಿಗೆ ಕೊಳವೆಯೊಳಕ್ಕೆ ಊದಿಸುವ ಪರೀಕ್ಷೆ. ಡಾಕ್ಟರ್ ಶಿಂಗ್ ಕಾಗದ ನೋಡಿ, “ಹೋದ ವರ್ಷದಷ್ಟೇ ಇದೆ” ಅಂದರು. ಇಷ್ಟೆಲ್ಲ ಲೇಪ, ಕಷಾಯ, ಸ್ಸ್ಸ್, ಮೆಟ್ಟಿಲು, ಎಲ್ಲ ಆದ ಮೇಲೆ ಅಷ್ಟೇ!

ನಾನು ಏನಾದರೂ ಅನ್ನುವ ಮೊದಲೇ ಯುನ್‌ಷಿಯಾ, “ಕಮ್ಮಿ ಆಗಿಲ್ಲವಲ್ಲ” ಅಂದಳು.

“ಕಮ್ಮಿ ಆಗಿಲ್ಲ. ಮೆಟ್ಟಿಲು ಹತ್ತೋದು ಜಾಸ್ತಿ ಆಗಿದೆ. ಅದನ್ನ ಈ ಯಂತ್ರ ಬರೆಯಲ್ಲ ಚಿಕ್ಕಮ್ಮ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಹೇಗಿದೀರಿ ಮೇಸ್ತ್ರಿ?” ಅಂತ ಕೈ ಚಾಚಿದರು. ಮೂರು ಬೆರಳಿಟ್ಟರು. ಸ್ವಲ್ಪ ಹೊತ್ತು ಇಟ್ಟರು. ಸಣ್ಣಗೆ ನಕ್ಕು ಮುಂದಿನವರನ್ನು ಕರೆದರು. ಈ ಡಾಕ್ಟರಿಗೆ ಒಮ್ಮೊಮ್ಮೆ ಮಾತೇ ಇರುವುದಿಲ್ಲ.

ಹೊರಗೆ ದುವಾನ್ ಅಕ್ಕ ಕಾಯುತ್ತಿದ್ದಳು. ಇಬ್ಬರೂ ಬಸ್ಸಿನಲ್ಲಿ ದೊಡ್ಡ ಪಾರ್ಕಿಗೆ ಹೂ ನೋಡಲು ಹೊರಟಿದ್ದರು. ಈ ವಾರ ಹೂವು ತುಂಬಿವೆಯಂತೆ.

“ಬರ್ತೀಯಾ?” ಅಂತ ಕೇಳಿದಳು ಯುನ್‌ಷಿಯಾ.

“ರಾತ್ರಿ ಊಟಕ್ಕೆ ಹಿಟ್ಟು ನಾದಬೇಕು. ನೀವು ಹೋಗಿ ಬನ್ನಿ.”

ಮನೆಗೆ ಬಂದು ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಕುರ್ಚಿಯಲ್ಲಿ ಕೂತವನಿಗೆ ಹಾಗೇ ನಿದ್ದೆ ಹತ್ತಿತು. ಎದ್ದಾಗ ಬಿಸಿಲು ಗೋಡೆ ದಾಟಿ ಹೋಗಿತ್ತು. ಹಿಟ್ಟು ಹದವಾಗಿದೆ. ಅವಳಿನ್ನೂ ಬಂದಿಲ್ಲ. ಬಸ್ಸು ತುಂಬಿರಬೇಕು, ಇಲ್ಲವಾದರೆ ದುವಾನ್ ಅಕ್ಕ ಯಾರ ಜೊತೆಗೋ ಹರಟೆಗೆ ನಿಂತಿರುತ್ತಾಳೆ.

ಬರುತ್ತಾಳೆ.